ಮನೆವಾರ್ತೆ: ಮಳೆಯ ಜಮಾಖರ್ಚು

ಯುಗಾದಿಯ ಸಾಯಂಕಾಲ ಪಂಚಾಂಗಶ್ರವಣ ಮಾಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಪುರೋಹಿತರು ಸಂವತ್ಸರದ ರಾಜನಾರು, ಮಂತ್ರಿಯಾರು, ಸಸ್ಯಾಧಿಪತಿಯಾರು ಎಂಬುದನ್ನೆಲ್ಲ ಕ್ರಮವಾಗಿ ಓದುತ್ತ ಮಳೆಯ ಪ್ರಕರಣಕ್ಕೆ ಬಂದೊಡನೆ, ಅದುವರೆಗೆ ತೂಕಡಿಸುತ್ತಿದ್ದವರೂ ಕಣ್ಣು ತೆರೆದು ಕಿವಿಗೊಡುವುದುಂಟು. ಈ ವರ್ಷ ಇಷ್ಟು ಕೊಳಗ ಮಳೆ; ಅದರಲ್ಲಿ ಸಮುದ್ರದ ಮೇಲೆ ಇಷ್ಟು ಪಾಲು, ಪರ್ವತಗಳ ಮೇಲೆ ಇಷ್ಟು ಪಾಲು, ಭೂಮಿಯ ಮೇಲೆ ಇಷ್ಟು ಪಾಲು ಎಂದು ಅವರು ಹೇಳುತ್ತಾರೆ. ಬಿದ್ದ ಮಳೆಯಲ್ಲಿ ದೊಡ್ಡ ಪಾಲು ಕಡಲಿಗೇ ಸೇರಿದ್ದು, ನಮ್ಮ ಪಾಲಿಗೆ ಬರುವುದು ಸ್ವಲ್ಪವೇ ಎಂಬ ತಿಳಿವಳಿಕೆ ಆ ಹಂಚಿಕೆಯಲ್ಲಿ ಅಡಗಿದೆ. ಆದರೆ ವರ್ಷದ ಕೊನೆಯಲ್ಲಿ, ಹೇಳಿದ ಕೊಳಗಕ್ಕೂ ಬಿದ್ದ ಕೊಳಗಕ್ಕೂ ತಾಳೆ ನೋಡಿದವರು ಯಾರಾದರೂ ಇರುವರೆ? ಆಗ ಹೊಸ ಪಂಚಾಂಗ ಬಂದಿರುತ್ತದೆ. ಹಳೆಯದು ಅಟ್ಟ ಸೇರಿರುತ್ತದೆ.

ಮನೆಯ ಜಮಾಖರ್ಚನ್ನು ಹೀಗೆ ನಡೆಸುವ ಗೃಹಸ್ಥನನ್ನು ನಾವು ವಿವೇಕಿಯೆನ್ನುವುದಿಲ್ಲ. ಹಾಲಿನವನ ಲೆಕ್ಕ, ಅಗಸನ ಲೆಕ್ಕ, ದಿನಸಿಯ ಲೆಕ್ಕಗಳನ್ನು ತಪ್ಪದೆ ಬರೆದಿಡುವ ನಮ್ಮ ಗೃಹಿಣಿಯರು, ಇವೆಲ್ಲಕ್ಕೂ ಮೂಲವಾದ ನೀರಿನ ಲೆಕ್ಕವನ್ನು ಮಾತ್ರ ನಲ್ಲಿಯ ಬಿಲ್ಲಿಗೆ ಒಪ್ಪಿಸಿಬಿಟ್ಟಿದ್ದಾರೆ. ಆದುದರಿಂದ ಈ ತಿಂಗಳ ಮನೆವಾರ್ತೆಯಲ್ಲಿ ಮಳೆಯ ಜಮಾ ಎಷ್ಟು, ಖರ್ಚು ಎಲ್ಲಿ, ಉಳಿತಾಯವೇನು ಎಂಬುದನ್ನು ವಾಚಕರೊಡನೆ ಕುಳಿತು ನೋಡಬೇಕೆಂದಿದ್ದೇವೆ. ಈ ಲೆಕ್ಕದಲ್ಲಿ ನಮ್ಮದೇ ಮನೆಯ ಒಂದು ಬಾಕಿಯೂ ಹೊರಬಿದ್ದಿತು. ಅದನ್ನೂ ಮರೆಮಾಚದೆ ಅರಿಕೆಮಾಡುವೆವು.

ಮಳೆಯನ್ನು ಅಳೆಯುವ ವಿದ್ಯೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಉಗ್ರಾಣದ ಮುಂದೆ ಪಾತ್ರೆಯಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯುಂಟು. ಆದರೆ ನಮ್ಮ ಸೀಮೆಯಲ್ಲಿ ಮಳೆಯ ಲೆಕ್ಕ ಎಷ್ಟು ಮುಖ್ಯವೆಂಬುದನ್ನು ಕಲಿಸಿದುದು ಒಂದು ಮಹಾ ವಿಪತ್ತು. ೧೮೭೬ರಿಂದ ೧೮೭೮ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಕ್ಷಾಮದ ಕಥೆಯನ್ನು ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ಹೇಳುತ್ತಿದ್ದರು. ೧೮೭೧ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಖಾನೇಷುಮಾರಿಯಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಹೆಚ್ಚು ಕುಗ್ಗಿತೆಂದರೆ, ಎರಡು ಮಳೆಗಾಲಗಳು ಕೈಕೊಟ್ಟುದರ ಫಲ ಎಂತಹುದೆಂಬುದನ್ನು ಊಹಿಸಬಹುದು. ಆ ಬರದ ತರುವಾಯ, ೧೮೮೨ರಲ್ಲಿ, ಮಲ್ಲೇಶ್ವರದ ಬಳಿಯ ಸ್ಯಾಂಕಿ ಕೆರೆಯಾಯಿತು. ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದುದು ೧೮೭೫ರಲ್ಲಿ. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಸಂಸ್ಥಾನದ ಹವಾಮಾನ ವೀಕ್ಷಣೆಯನ್ನು ಒಂದು ಕ್ರಮಕ್ಕೆ ತಂದರು.

ಅಂದಿನಿಂದ ಇಂದಿನವರೆಗೆ, ದೊರೆಗಳು ಬದಲಾಗಲಿ, ಸರ್ಕಾರಗಳು ಬದಲಾಗಲಿ, ದಿನವೂ ಬೆಳಗ್ಗೆ ನಿಯತವಾದ ವೇಳೆಗೆ ಒಬ್ಬರು ಹೋಗಿ ಪಾತ್ರೆಯಲ್ಲಿ ನಿಂತ ನೀರನ್ನು ಅಳೆದು ಪುಸ್ತಕದಲ್ಲಿ ಬರೆಯುವ ಕೆಲಸ ನಡೆದುಬಂದಿದೆ. ಇದರಲ್ಲಿ ಹೆಸರು ಬರುವುದಿಲ್ಲ, ಹಾರ ಬೀಳುವುದಿಲ್ಲ. ಆದರೂ ಇದರ ಬೆಲೆಯನ್ನು ನೋಡಿ. ೨೦೨೪ನೆಯ ಇಸವಿ ಜೂನ್ ೨ರಂದು ಬೆಂಗಳೂರಿನಲ್ಲಿ ಒಂದೇ ದಿನ ೧೧೧.೧ ಮಿಲಿಮೀಟರ್, ಎಂದರೆ ಸುಮಾರು ನಾಲ್ಕೂಕಾಲು ಅಂಗುಲಕ್ಕಿಂತ ಹೆಚ್ಚು, ಮಳೆ ಸುರಿಯಿತು. ಜೂನ್ ತಿಂಗಳಲ್ಲಿ ಇಂತಹ ಮಳೆ ಹಿಂದೆಂದಾದರೂ ಬಿದ್ದಿತ್ತೆ ಎಂದು ಕೇಳಿದರೆ ಹವಾಮಾನ ಕಚೇರಿಯವರು ಊಹೆಯಿಂದ ಉತ್ತರ ಹೇಳಲಿಲ್ಲ. ಇಲ್ಲ, ಇದಕ್ಕೆ ಹಿಂದಿನ ದಾಖಲೆ ೧೮೯೧ನೆಯ ಜೂನ್ ೧೬ರದು, ಅಂದು ಬಿದ್ದುದು ೧೦೧.೬ ಮಿಲಿಮೀಟರ್ ಎಂದು ತೋರಿಸಿದರು. ನೂರಮೂವತ್ತಮೂರು ವರ್ಷಗಳ ಹಿಂದೆ ಯಾರೋ ಒಬ್ಬ ನೌಕರ ಸೋಮಾರಿತನ ಮಾಡದೆ ನೋಡಿ ಬರೆದುದರಿಂದ, ಇಂದು ನಾವು ನಮ್ಮ ಕಾಲವನ್ನು ಹಿಂದಿನ ಕಾಲದೊಡನೆ ತೂಗಿ ನೋಡಲು ಸಾಧ್ಯವಾಯಿತು.

ಈಗ ಜಮೆಯನ್ನು ನೋಡೋಣ. ಬೆಂಗಳೂರಿಗೆ ವರ್ಷವೊಂದಕ್ಕೆ ಸರಾಸರಿ ಬರುವ ಮಳೆ ಸುಮಾರು ೯೭೦ ಮಿಲಿಮೀಟರ್, ಎಂದರೆ ಮೂವತ್ತೆಂಟು ಅಂಗುಲ. ಮುಂಗಾರಿಗೆ ಮುಂಚೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಿಂಚಿನೊಡನೆ ಬರುವುದು ಸ್ವಲ್ಪ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಬರುವುದೇ ಬಹುಭಾಗ. ಅವುಗಳಲ್ಲಿ ಸೆಪ್ಟೆಂಬರ್ ತಿಂಗಳು ಅಗ್ರಗಣ್ಯ. ಈ ನೀರು ಬರುವುದೆಲ್ಲಿಂದ? ಪಶ್ಚಿಮ ಸಮುದ್ರದಿಂದ ಎದ್ದ ಮೋಡಗಳು ಘಟ್ಟವನ್ನೇರುವಾಗ ತಮ್ಮ ಹೊರೆಯನ್ನು ಅಲ್ಲಿಯೇ ಇಳಿಸಿಬಿಡುತ್ತವೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಕೊಟ್ಟು ಬರಿದಾದ ಮೇಲೆ ಮಿಕ್ಕುದು ನಮ್ಮ ಪಾಲು. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮತ್ತೊಂದು ಪಾಲು ಬರುತ್ತದೆ. ಹೀಗೆ ಕಡಲನ್ನೇ ಕಾಣದ, ಸಮುದ್ರಮಟ್ಟಕ್ಕೆ ಮೂರು ಸಾವಿರ ಅಡಿ ಎತ್ತರದ ನಮ್ಮ ಊರು, ಎರಡು ಕಡಲುಗಳ ದಾನದಿಂದ ಬದುಕಿದೆ.

ದಾನಿಯ ಆರೋಗ್ಯ ಕೆಟ್ಟರೆ ದಾನದ ಕ್ರಮವೂ ಕೆಡುವುದು ಸಹಜ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿದ್ವಾಂಸರು ಕೂಡಿ ೨೦೨೦ರಲ್ಲಿ ಸಿದ್ಧಪಡಿಸಿದ ವರದಿಯಂತೆ, ಹಿಂದೂ ಮಹಾಸಾಗರದ ಉಷ್ಣವಲಯ ಭಾಗದ ಮೇಲ್ನೀರು ೧೯೫೧ರಿಂದ ೨೦೧೫ರೊಳಗೆ ಸುಮಾರು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಕಾವೇರಿದೆ. ಭಾರತದ ನೆಲದ ಮೇಲಿನ ಗಾಳಿ ೧೯೦೧ರಿಂದ ೨೦೧೮ರೊಳಗೆ ಸುಮಾರು ೦.೭ ಡಿಗ್ರಿ ಕಾವೇರಿದೆ. ಒಂದು ಡಿಗ್ರಿಯೆಂದರೇನು ಮಹಾ, ಎಂದು ಕೇಳುವವರಿಗೆ ನಮ್ಮ ಶರೀರವೇ ಉತ್ತರ ಹೇಳೀತು: ಮೈ ಒಂದು ಡಿಗ್ರಿ ಹೆಚ್ಚಿದರೆ ನಾವು ಕಷಾಯ ಕಾಸುತ್ತೇವೆ. ಗಾಳಿಯ ಕಾವು ಒಂದು ಡಿಗ್ರಿ ಹೆಚ್ಚಿದರೆ ಅದು ಹೊರಬಲ್ಲ ನೀರಾವಿ ನೂರಕ್ಕೆ ಸುಮಾರು ಏಳು ಪಾಲು ಹೆಚ್ಚುತ್ತದೆ. ದೊಡ್ಡ ಚೀಲ ತುಂಬುವುದಕ್ಕೆ ಕಾಲ ಹಿಡಿಯುತ್ತದೆ. ಹರಿದಾಗ ಒಮ್ಮೆಗೇ ಸುರಿಯುತ್ತದೆ. ಆದುದರಿಂದ ಒಣಹವೆಯ ದಿನಗಳೂ ಹೆಚ್ಚಬಹುದು, ಜಡಿಮಳೆಯ ದಿನಗಳೂ ಹೆಚ್ಚಬಹುದು. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ.

ಕಡಲಿಗೆ ಈ ಕಾವು ಬಂದುದು ತನ್ನಷ್ಟಕ್ಕೆ ತಾನೇ ಅಲ್ಲ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿಯಲ್ಲಿ ಸಿಕ್ಕಿಬಿದ್ದ ಹೆಚ್ಚಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಸಮುದ್ರಗಳೇ ನುಂಗಿಕೊಂಡಿವೆ. ಹೊಗೆಯಲ್ಲಿನ ಇಂಗಾಲಾಮ್ಲದಲ್ಲಿಯೂ ಸುಮಾರು ಕಾಲು ಪಾಲನ್ನು ನುಂಗಿಕೊಂಡಿವೆ. ಅವುಗಳ ಒಡಲಿನ ಜೀವರಾಶಿ ಅದರ ಬಾಧೆಯನ್ನು ಅನುಭವಿಸುತ್ತಿದೆ. ೧೯೯೮, ೨೦೧೦, ೨೦೧೬ನೆಯ ಇಸವಿಗಳಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳು ಕಾವು ತಾಳಲಾರದೆ ಬಣ್ಣಗೆಟ್ಟು ಬಿಳಿಚಿಕೊಂಡುವು. ಹವಳದ ಬಂಡೆಗಳು ಅಸಂಖ್ಯ ಮೀನುಗಳಿಗೆ ಬಾಣಂತಿಕೋಣೆಯಿದ್ದಂತೆ. ಅದು ಪಾಳಾದರೆ ತೊಟ್ಟಿಲು ತೂಗುವುದೆಲ್ಲಿ? ನಮ್ಮ ಕರಾವಳಿಯ ಬಡವರ ಊಟವಾದ ಬೂತಾಯಿ ಮೀನೂ ನೀರಿನ ಕಾವಿಗೆ ಬಹು ಸೂಕ್ಷ್ಮವಾದುದು. ಕಾವು ಮಿತಿಮೀರಿದರೆ ಅದು ತಾವು ಬದಲಿಸುತ್ತದೆ, ಬಲೆಗಳು ಬರಿದಾಗುತ್ತವೆ. ಮೀನು ಮುಟ್ಟದ ಮನೆಗಳವರು ಇದು ತಮಗೆ ಸಂಬಂಧಿಸದ ವಿಷಯವೆಂದು ಭಾವಿಸಲಾಗದು. ಆ ಮೀನು ಬದುಕುವ ನೀರೇ ಮೋಡವಾಗಿ ನಮ್ಮ ಬಾವಿಗೆ ಬರಬೇಕು.

ನಮ್ಮ ಊರಿನ ಪುಸ್ತಕವನ್ನೇ ಮತ್ತೆ ತಿರುವೋಣ. ೨೦೧೭ರಲ್ಲಿ ಬೆಂಗಳೂರಿನಲ್ಲಿ ಸುಮಾರು ೧,೭೦೦ ಮಿಲಿಮೀಟರ್ ಮಳೆಯಾಯಿತು. ೨೦೨೨ರಲ್ಲಿ ಅದನ್ನೂ ಮೀರಿ ಸುಮಾರು ೧,೯೫೦ ಮಿಲಿಮೀಟರ್ ಆಯಿತು, ಸರಾಸರಿಯ ಎರಡರಷ್ಟು! ಆ ವರ್ಷ ಸೆಪ್ಟೆಂಬರಿನಲ್ಲಿ ಊರಿನ ಪೂರ್ವಭಾಗದ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದುವು. ಮರುವರ್ಷವೇ, ೨೦೨೩ರಲ್ಲಿ, ಮುಂಗಾರು ಸೋತು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ೨೦೨೪ರ ಮಾರ್ಚಿಯ ವೇಳೆಗೆ ನಗರದ ಸುಮಾರು ೧೪,೦೦೦ ಸರ್ಕಾರಿ ಕೊಳವೆಬಾವಿಗಳಲ್ಲಿ ೬,೯೦೦ರಷ್ಟು ಬತ್ತಿಹೋದುವೆಂದು ಸರ್ಕಾರವೇ ತಿಳಿಸಿತು. ಅದಾದ ಮೂರೇ ತಿಂಗಳಿಗೆ ಮೇಲೆ ಹೇಳಿದ ಜೂನ್ ೨ರ ಮಳೆ. ಒಂದು ಊರಿನ ಎರಡು ಮೂರು ವರ್ಷಗಳನ್ನು ಹಿಡಿದು ಇಡೀ ಜಗತ್ತಿನ ವಾಯುಗುಣವನ್ನು ನಿರ್ಣಯಿಸುವುದು ಶಾಸ್ತ್ರಸಮ್ಮತವಲ್ಲವೆಂಬುದನ್ನು ನಾವು ಬಲ್ಲೆವು. ಹಿಂದೆಯೂ ಅತಿವೃಷ್ಟಿ ಅನಾವೃಷ್ಟಿಗಳಿದ್ದುವು. ೧೯೯೭ನೆಯ ಅಕ್ಟೋಬರ್ ೧ರಂದು ಒಂದೇ ದಿನ ೧೭೮.೯ ಮಿಲಿಮೀಟರ್ ಬಿದ್ದುದೂ ಪುಸ್ತಕದಲ್ಲಿದೆ. ಆದರೆ ನಮ್ಮ ಪ್ರಶ್ನೆ ಬೇರೆ. ದೋಣಿ ಓಡಾಡಿದ ಊರಿನಲ್ಲಿ ಹದಿನೆಂಟು ತಿಂಗಳು ಕಳೆಯುವುದರೊಳಗೆ ಬಾವಿ ಬತ್ತಿದುದೇಕೆ? ಜಮೆ ಅಷ್ಟಾಗಿದ್ದ ಮನೆಯಲ್ಲಿ ಹುಂಡಿ ಬರಿದಾದುದು ಹೇಗೆ? ಈ ದೋಷವನ್ನು ಕಡಲ ಮೇಲೆ ಹೊರಿಸಲಾಗದು. ಇದು ಖರ್ಚಿನ ಪುಟದ ವಿಷಯ.

ಬೆಂಗಳೂರು ಒಂದು ಏಣಿನ ಮೇಲೆ ಕುಳಿತ ಊರು. ಮನೆಯ ಮಾಡಿನ ನಡುವಣ ತೊಲೆಯಂತೆ ಆ ಏಣು ಉತ್ತರ ದಕ್ಷಿಣವಾಗಿ ಹಬ್ಬಿದೆ. ಪೂರ್ವಕ್ಕೆ ಬಿದ್ದ ಹನಿ ಹೆಬ್ಬಾಳ, ಕೋರಮಂಗಲ, ಬೆಳ್ಳಂದೂರು, ವರ್ತೂರುಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರಿ ಕಡಲೂರಿನ ಬಳಿ ಸಮುದ್ರವನ್ನು ಮುಟ್ಟಬೇಕು. ಪಶ್ಚಿಮಕ್ಕೆ ಬಿದ್ದ ಹನಿ ವೃಷಭಾವತಿಯಾಗಿ, ಅರ್ಕಾವತಿಯನ್ನು ಸೇರಿ, ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿಯೊಡನೆ ಕೂಡಿ, ಪೂಂಪುಹಾರಿನಲ್ಲಿ ಕಡಲನ್ನು ಮುಟ್ಟಬೇಕು. ಒಂದೇ ಮೋಡದಿಂದ ಇಳಿದ ಎರಡು ಹನಿಗಳು ಒಂದು ಬೀದಿಯ ಅಂತರದಲ್ಲಿ ಬೇರೆಯಾಗಿ, ನೂರಾರು ಮೈಲಿ ಪಯಣಮಾಡಿ, ಪುನಃ ಒಂದೇ ಬಂಗಾಳ ಕೊಲ್ಲಿಯನ್ನು ಸೇರುತ್ತವೆ.

ವೃಷಭಾವತಿಗೆ ಆ ಹೆಸರು ಬಂದುದು ಬಸವನಗುಡಿಯ ದೊಡ್ಡ ಬಸವಣ್ಣನಿಂದ. ಅವನ ಪಾದದ ಬಳಿ ಆಕೆ ಹುಟ್ಟುವಳೆಂದು ನಂಬಿಕೆ. ಮಲ್ಲೇಶ್ವರದವರಿಗೂ ಅವಳಲ್ಲಿ ಪಾಲುಂಟು: ಕಾಡು ಮಲ್ಲೇಶ್ವರ ದೇವಾಲಯದ ಕಡೆಯಿಂದ ಬರುವ ಕವಲೂ ಈ ಕಣಿವೆಯನ್ನೇ ಸೇರುತ್ತದೆ. ಆ ದೇವಾಲಯದ ಎದುರಿಗೆ, ಬಹುಕಾಲ ಮಣ್ಣಿನಲ್ಲಿ ಹುದುಗಿದ್ದು ೧೯೯೭ರಲ್ಲಿ ಬೆಳಕಿಗೆ ಬಂದ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಬೀಳುವುದನ್ನು ಅನೇಕ ವಾಚಕರು ಕಂಡಿರಬಹುದು. ಎತ್ತರದಲ್ಲಿ ಮಳೆಯನ್ನು ಕುಡಿದ ನೆಲ ತಗ್ಗಿನಲ್ಲಿ ಅದನ್ನು ಒರತೆಯಾಗಿ ಬಿಡುತ್ತದೆಂಬುದಕ್ಕೆ ಅದೊಂದು ಸಾಕ್ಷಿ. ಹಿಂದಿನವರು ಈ ಗುಟ್ಟನ್ನು ತಿಳಿದು ಕಣಿವೆಗೊಂದು ಕಟ್ಟೆ ಹಾಕಿದರು. ೧೫೩೭ರಲ್ಲಿ ಊರು ಕಟ್ಟಿದ ಕೆಂಪೇಗೌಡರ ವಂಶದವರ ಕಾಲದ ಕೆಂಪಾಂಬುಧಿ ಚಾಮರಾಜಪೇಟೆಯ ಮಗ್ಗುಲಲ್ಲಿ ಇಂದಿಗೂ ಉಂಟು. ಆದರೆ ಧರ್ಮಾಂಬುಧಿಯ ಎದೆಯ ಮೇಲೆ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿದೆ. ಬಸವನಗುಡಿಯ ಕಾರಂಜಿ ಕೆರೆಯ ಹೆಸರು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಟಾಟಾ ವಿಜ್ಞಾನ ಮಂದಿರದ ವಿದ್ವಾಂಸರು ಉಪಗ್ರಹದ ಚಿತ್ರಗಳಿಂದ ಲೆಕ್ಕಹಾಕಿದಂತೆ, ೧೯೭೩ರಲ್ಲಿ ನಗರಪ್ರದೇಶದ ನೆಲದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಮಾತ್ರ ಕಟ್ಟಡ, ರಸ್ತೆಗಳಿಂದ ಮುಚ್ಚಿತ್ತು. ಇಂದು ಮುಚ್ಚದೆ ಉಳಿದುದನ್ನು ಹುಡುಕಬೇಕು. ಹೀಗೆ ಬಾಯಿ ಹೊಲಿದ ನೆಲದ ಮೇಲೆ ಎಷ್ಟು ಸುರಿದರೇನು? ಅದು ಕುಡಿಯಲಾರದು.

ಕುಡಿಯುವ ನೀರಿನ ಕಥೆಯೂ ಇದೇ ರೀತಿ. ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದಿತು. ಅದು ಸಾಲದೆ ೧೯೩೩ರಲ್ಲಿ ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಅದೂ ಸಾಲದೆ ೧೯೭೪ರಿಂದ ಕಾವೇರಿಯ ನೀರನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಎತ್ತಿ ತರುತ್ತಿದ್ದೇವೆ. ಮೊದಲೆರಡು ಆಸರೆಗಳು ಈಗ ನಮ್ಮ ಕೈಬಿಟ್ಟಿವೆ. ಕೈಬಿಟ್ಟವರು ನಾವೇ ಎಂದರೂ ತಪ್ಪಲ್ಲ. ೨೦೨೪ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಸೇರಿ, ದಿನಕ್ಕೆ ೨೨೦ ಕೋಟಿ ಲೀಟರಿಗೂ ಮೇಲೆ ತರುವ ಸಾಮರ್ಥ್ಯ ಒದಗಿದೆ. ಇನ್ನೊಂದು ಲೆಕ್ಕ ನೋಡಿ: ಏಳುನೂರು ಚದರ ಕಿಲೋಮೀಟರ್ ವಿಸ್ತಾರದ ಊರಿನ ಮೇಲೆ ವರ್ಷಕ್ಕೆ ೯೭೦ ಮಿಲಿಮೀಟರ್ ಮಳೆ ಬಿದ್ದರೆ, ಅದನ್ನು ದಿನಗಳಿಗೆ ಹಂಚಿದಾಗ ದಿನವೊಂದಕ್ಕೆ ಸುಮಾರು ೧೮೬ ಕೋಟಿ ಲೀಟರ್ ಆಗುತ್ತದೆ. ಮೇಲಿನಿಂದ ಪುಕ್ಕಟೆಯಾಗಿ ಬಂದ ಇದನ್ನು ಚರಂಡಿಗೆ ಬಿಟ್ಟು, ಹೆಚ್ಚು ಕಡಿಮೆ ಅಷ್ಟನ್ನೇ ಕೆಳಗಿನಿಂದ ಹಣ ಕೊಟ್ಟು ಎತ್ತುತ್ತಿದ್ದೇವೆ! ಎತ್ತಿದ ನೀರು ನಮ್ಮ ಅಡಿಗೆಮನೆ, ಬಚ್ಚಲುಗಳನ್ನು ಹಾದು ವೃಷಭಾವತಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ತುಂಬಿ ಹರಿಯುತ್ತಿದ್ದವಳು ಇಂದು ಕಡುಬೇಸಿಗೆಯಲ್ಲಿಯೂ ಹರಿಯುತ್ತಾಳೆ. ಆದರೆ ಅವಳ ಮೈಯಲ್ಲಿ ಹರಿಯುವುದು ನಮ್ಮ ಕೊಳೆ. ಕಾವೇರಿಯನ್ನು ಶುದ್ಧವಾಗಿ ಪಡೆದು ಮಲಿನವಾಗಿ ಹಿಂದಿರುಗಿಸುವ ಈ ಸಾಲದ ಕ್ರಮವನ್ನು ಯಾವ ಮರ್ಯಾದಸ್ಥನು ಮೆಚ್ಚಿಯಾನು?

ಇಷ್ಟು ಬರೆದ ಮೇಲೆ ನಮ್ಮ ಮನೆಯ ಬಾಕಿಯನ್ನು ಹೇಳಲೇಬೇಕು. ನಮ್ಮ ಮನೆ ಬಸವನಗುಡಿಯ ಇಳಿಜಾರಿನ ಬೀದಿಯೊಂದರಲ್ಲಿದೆ. ನಮಗಿಂತ ನಾಲ್ಕು ಮನೆ ಕೆಳಗೆ, ಬೀದಿಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿ, ಒಬ್ಬ ವೃದ್ಧೆ ಒಂಟಿಯಾಗಿದ್ದಾರೆ. ಎರಡು ವರ್ಷಗಳ ಹಿಂದಿನ ಒಂದು ಜಡಿಮಳೆಯ ರಾತ್ರಿ ಒಳಚರಂಡಿಯ ಗುಂಡಿ ಉಕ್ಕಿ, ಕಕ್ಕಸಿನ ನೀರು ಅವರ ನಡುಮನೆಗೂ ದೇವರ ಕೋಣೆಗೂ ನುಗ್ಗಿತು. ಬೆಳಗ್ಗೆ ನೆರೆಹೊರೆಯವರೆಲ್ಲ ಹೋಗಿ ನೀರು ಎತ್ತಿ ಹಾಕಿದೆವು. ಸಂಪುಟದೊಳಗಿನ ಸಾಲಿಗ್ರಾಮವನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು, ಮಂಚದ ಮೇಲೆ ಕುಳಿತೇ ಅವರು ರಾತ್ರಿಯನ್ನು ಕಳೆದಿದ್ದರು. ನಾವು ನಗರಾಡಳಿತವನ್ನು ಬಾಯಿತುಂಬ ನಿಂದಿಸಿದೆವು. ಅದರಲ್ಲಿ ಸ್ವಲ್ಪ ನ್ಯಾಯವೂ ಇದ್ದಿತು.

ಕೆಲವು ದಿನಗಳ ಮೇಲೆ ನಮ್ಮ ಮೊಮ್ಮಗಳು ಶಾಲೆಯ ಪಾಠಕ್ಕೆಂದು ಮಳೆಯನ್ನು ಅಳೆಯತೊಡಗಿದಳು. ನೆಟ್ಟಗಿನ ಗೋಡೆಯ ಗಾಜಿನ ಪಾತ್ರೆಯೊಂದನ್ನು ತಾರಸಿಯ ಮೇಲಿಟ್ಟು, ದಿನವೂ ಬೆಳಗ್ಗೆ ಎಂಟೂವರೆಗೆ ಅಡಿಕೋಲು ಹಿಡಿದು ನೋಡಿ ಬರೆಯುವಳು. ಒಂದು ದಿನ ಕೇಳಿದಳು: “ತಾತ, ನಲವತ್ತು ಮಿಲಿಮೀಟರ್ ಬಿದ್ದಿದೆ. ನಮ್ಮ ತಾರಸಿ ಮೇಲೆ ಬಿದ್ದ ನೀರೆಲ್ಲ ಎಲ್ಲಿಗೆ ಹೋಯಿತು?” ನಮಗೆ ಉತ್ತರ ತಿಳಿಯಲಿಲ್ಲ. ಕೊಳಾಯಿ ಕೆಲಸದವನನ್ನು ಕರೆಸಿ ನೋಡಿಸಿದೆವು. ತಾರಸಿಯಿಂದ ಇಳಿದ ಕೊಳವೆ ಬೀದಿಯ ಚರಂಡಿಗೂ ಹೋಗಿರಲಿಲ್ಲ, ಬಾವಿಗೂ ಹೋಗಿರಲಿಲ್ಲ. ನೇರವಾಗಿ ಕಕ್ಕಸಿನ ಒಳಚರಂಡಿಗೆ ಸೇರಿತ್ತು. ಮಳೆನೀರನ್ನು ಒಳಚರಂಡಿಗೆ ಬಿಡಕೂಡದೆಂಬ ನಿಯಮ ಉಂಟು. ನಾವು ಮಾತ್ರ ಮನೆ ರಿಪೇರಿಯ ಕಾಲದಲ್ಲಿ ಅಂಗಳ ಒದ್ದೆಯಾಗದಿರಲೆಂದು ಹಾಗೆ ಮಾಡಿಸಿ, ಮಾಡಿಸಿದುದನ್ನೇ ಮರೆತಿದ್ದೆವು. ಲೆಕ್ಕ ಹಾಕಿದರೆ, ನೂರು ಮಿಲಿಮೀಟರ್ ಮಳೆಯ ದಿನ ನಮ್ಮ ಸಾವಿರ ಚದರಡಿ ತಾರಸಿಯೊಂದೇ ಒಂಬತ್ತು ಸಾವಿರ ಲೀಟರಿಗೂ ಮೇಲೆ ನೀರನ್ನು ಆ ಸಣ್ಣ ಕೊಳವೆಗೆ ತುರುಕುತ್ತಿತ್ತು. ಮೇಲಿನ ಸಾಲಿನ ಮನೆಗಳಲ್ಲಿ ನಮ್ಮಂತಹ ಬುದ್ಧಿವಂತರು ಇನ್ನೆಷ್ಟು ಮಂದಿಯೋ! ಅಂದು ಆ ವೃದ್ಧೆಯ ದೇವರ ಕೋಣೆಗೆ ನುಗ್ಗಿದ ನೀರಿನಲ್ಲಿ ನಮ್ಮ ತಾರಸಿಯ ನೀರೂ ಇತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಮನಸ್ಸು ತಡೆಯದೆ ಹೋಗಿ ಅವರಿಗೆ ಇದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯಿತು ಬಿಡಿ ರಾಯರೆ, ಸರಿಮಾಡಿಸಿದಿರಲ್ಲ. ನನ್ನ ಮನೆ ತಾರಸಿ ನೀರು ಯಾರ ಮನೆಗೆ ಹೋಗ್ತಿದೆಯೋ, ಅದನ್ನೂ ಒಂದು ಸಲ ಅವನ ಕೈಲೇ ನೋಡಿಸಿಬಿಡಿ” ಎಂದರು. ನಮ್ಮ ಇಷ್ಟು ದಿನದ ಓದಿನಲ್ಲಿ ಬಾರದಿದ್ದ ಪ್ರಶ್ನೆ ಆ ತಾಯಿಗೆ ಆ ಕ್ಷಣದಲ್ಲಿ ಹೊಳೆಯಿತು. ನೋಡಿಸಿದೆವು, ಅವರ ಕೊಳವೆಯೂ ಒಳಚರಂಡಿಗೇ ಸೇರಿತ್ತು. ಅದನ್ನೂ ಬಿಡಿಸಿದೆವು.

ಈಗ ಉಳಿತಾಯದ ಮಾತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಮಕ್ಕಳೂ ಲೆಕ್ಕ ಮಾಡಿಯಾರು. ಸಾವಿರ ಚದರಡಿಯ ತಾರಸಿ ಸುಮಾರು ೯೩ ಚದರ ಮೀಟರ್. ವರ್ಷಕ್ಕೆ ೯೭೦ ಮಿಲಿಮೀಟರಿನಂತೆ ತೊಂಬತ್ತು ಸಾವಿರ ಲೀಟರ್. ಆರಿಹೋದುದು, ಮೊದಲ ಮಳೆಯಲ್ಲಿ ತಾರಸಿ ತೊಳೆದು ಹೊರಗೆ ಬಿಟ್ಟುದು, ಉಕ್ಕಿ ಹೋದುದು ಎಂದು ಐದರಲ್ಲಿ ಒಂದು ಪಾಲನ್ನು ಕಳೆದರೂ ಎಪ್ಪತ್ತು ಸಾವಿರ ಲೀಟರ್ ಉಳಿಯಿತು. ಐದು ಮಂದಿಯ ಸಂಸಾರ, ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ಬಳಸಿದರೂ, ಇದು ನೂರು ದಿನಗಳ ಬಾಳುವೆಗೆ ಸಮ. ೨೦೦೯ರಲ್ಲಿ ಬಂದ ಶಾಸನದಂತೆ ಅರವತ್ತು ನಲವತ್ತರ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳೂ, ಮೂವತ್ತು ನಲವತ್ತರ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳೂ ಮಳೆಕೊಯ್ಲು ಮಾಡಲೇಬೇಕೆಂದಾಯಿತು. ಶಾಸನಕ್ಕೆ ಅಂಜಿ ಹೆಸರಿಗೊಂದು ಪೀಪಾಯಿ ಇಟ್ಟವರು ಅನೇಕರು. ಲೆಕ್ಕ ತಿಳಿದು ಮನಸಾರೆ ಮಾಡಿದವರು ವಿರಳ. ವಿಧಾನವನ್ನು ಕಣ್ಣಾರೆ ಕಾಣಬೇಕೆಂಬವರು ಜಯನಗರದ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಏರ್ಪಡಿಸಿರುವ ಮಳೆಕೊಯ್ಲಿನ ಉದ್ಯಾನವನ್ನು ನೋಡಿಬರಬಹುದು.

ನಾವು ಮಾಡಿದುದು ಇಷ್ಟೆ. ತಾರಸಿಯ ಕೊಳವೆಯನ್ನು ಒಳಚರಂಡಿಯಿಂದ ಬಿಡಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಒಂದು ಶೋಧಕದ ಮೂಲಕ ಹಿತ್ತಲ ಹಳೆಯ ಬಾವಿಗೆ ತಿರುಗಿಸಿದೆವು. ಆ ಬಾವಿಯನ್ನು ಮುಚ್ಚಿ ಕಾರು ನಿಲ್ಲಿಸುವ ಯೋಚನೆ ನಮಗೂ ಒಮ್ಮೆ ಬಂದಿತ್ತೆಂಬುದನ್ನು ನಾಚಿಕೆಯಿಂದ ಒಪ್ಪುವೆವು. ಹೂಳೆತ್ತಿದವರು, ತಳದಲ್ಲಿ ನಾಲ್ಕು ಬೆರಳು ತೇವವಿದ್ದುದನ್ನು ತೋರಿಸಿ, “ಬಾವಿ ಸತ್ತಿಲ್ಲ ಸಾಮಿ, ಬಾಯಾರಿದೆ ಅಷ್ಟೆ” ಎಂದರು. ಕಳೆದ ಮಳೆಗಾಲದ ಕೊನೆಗೆ ನೀರು ಹದಿನೆಂಟು ಅಡಿ ಏರಿತು. ಕುಡಿಯುವುದಕ್ಕೆ ನಾವು ಅದನ್ನು ಬಳಸುವುದಿಲ್ಲ. ಹಳೆಯ ಊರಿನ ನೆಲದಲ್ಲಿ ಒಳಚರಂಡಿಯ ಒಸರು ಇರಬಹುದಾದುದರಿಂದ ಪರೀಕ್ಷೆ ಮಾಡಿಸದೆ ಯಾರೂ ಬಳಸಲಾಗದು. ಗಿಡಕ್ಕೆ, ಪಾತ್ರೆಗೆ, ಬಟ್ಟೆಗೆ, ಅಂಗಳ ಸಾರಿಸುವುದಕ್ಕೆ ಅದೇ ಧಾರಾಳವಾಗಿ ಸಾಕಾಯಿತು. ಬಾವಿಗೆ ಸೊಳ್ಳೆಬಲೆ ಹೊದಿಸುವುದನ್ನೂ, ಮಕ್ಕಳು ಬೀಳದಂತೆ ಕಬ್ಬಿಣದ ಜಾಲರಿ ಹಾಕುವುದನ್ನೂ ಮರೆಯಬಾರದು.

ಒಂದು ಮನೆಯ ಬಾವಿಯಿಂದ ವೃಷಭಾವತಿ ಶುದ್ಧಳಾಗುವಳೆ, ಕಡಲು ತಣ್ಣಗಾಗುವುದೆ, ಎಂದು ಯಾರಾದರೂ ಕೇಳಬಹುದು. ಆಗದು. ಒಳಚರಂಡಿಯ ನೀರನ್ನು ಶುದ್ಧಿಮಾಡದೆ ನದಿಗೆ ಬಿಡದಿರುವುದು, ಉಳಿದ ಕೆರೆಗಳನ್ನು ಕಾಯುವುದು, ರಾಜಕಾಲುವೆಗಳ ಮೇಲೆ ಕಟ್ಟಿದುದನ್ನು ಬಿಡಿಸುವುದು, ಹೊಗೆಯನ್ನು ತಗ್ಗಿಸುವುದು, ಇವೆಲ್ಲ ಸರ್ಕಾರಗಳ ಕೆಲಸ. ಅವನ್ನು ಬಿಡದೆ ಕೇಳುವುದು ನಮ್ಮ ಹಕ್ಕು. ಆದರೆ ಹಕ್ಕನ್ನು ಕೇಳಹೋದವನ ಸ್ವಂತ ಲೆಕ್ಕ ಚೊಕ್ಕಟವಾಗಿದ್ದರೆ ಅವನ ಮಾತಿಗೆ ತೂಕ ಬರುತ್ತದೆ. ತಗ್ಗಿನ ಮನೆಯ ದೇವರ ಕೋಣೆ ಒಣಗಿರುವುದಕ್ಕೆ ನಮ್ಮ ಬೀದಿಯ ಹತ್ತು ಮನೆಗಳು ಸಾಕು. ಅದಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಎರಡೇ. ಮೊದಲನೆಯದು, ಈ ಭಾನುವಾರ ತಾರಸಿಯ ಕೊಳವೆಯನ್ನು ಹಿಡಿದು ಕೆಳಗಿನವರೆಗೂ ಹೋಗಿ, ಅದು ಎಲ್ಲಿ ಸೇರುವುದೆಂದು ನೋಡುವುದು. ಎರಡನೆಯದು, ಮನೆಯ ಮಗುವಿನ ಕೈಗೆ ಒಂದು ಗಾಜಿನ ಪಾತ್ರೆ, ಒಂದು ಅಡಿಕೋಲು, ಒಂದು ನೋಟುಬುಕ್ಕು ಕೊಡುವುದು. ನಮ್ಮ ಮೊಮ್ಮಗಳ ಪುಸ್ತಕದಲ್ಲಿ ಈಗ ಎರಡು ಮಳೆಗಾಲಗಳು ತುಂಬಿವೆ. ಮುಂದಿನ ಯುಗಾದಿಗೆ ಪುರೋಹಿತರು ಕೊಳಗದ ಲೆಕ್ಕ ಓದಿದ ಮೇಲೆ, ಕಳೆದ ವರ್ಷ ನಿಜವಾಗಿ ಬಿದ್ದುದೆಷ್ಟೆಂದು ಅವಳು ಓದಬೇಕೆಂದು ಮನೆಯಲ್ಲಿ ಗೊತ್ತುಮಾಡಿದ್ದೇವೆ. ಕೇಳಲು ಬರುವೆನೆಂದು ತಗ್ಗಿನ ಮನೆಯ ಅಜ್ಜಿಯವರೂ ಹೇಳಿಕಳುಹಿಸಿದ್ದಾರೆ.